ಬಿಸಾಡಬೇಕಿದ್ದ ಕಾಗದಗಳ ಬೆನ್ನು ಹತ್ತಿ: ಮೋರಿಸ್‌ಟೌನ್‌ನಿಂದ ರೋಚೆಸ್ಟರ್‌ವರೆಗೆ

ಅಮೆರಿಕಕ್ಕೆ ಹೋದವರೆಲ್ಲ ನಯಾಗರ ನೋಡಿ ಬರುತ್ತಾರೆ. ನಾನು ನಯಾಗರಕ್ಕೆ ಒಂದೂವರೆ ಗಂಟೆ ದಾರಿ ಉಳಿದಿರುವಾಗ ಕಾರು ತಿರುಗಿಸಿಕೊಂಡು ವಾಪಸ್ ಬಂದವನು. ನಾನು ಹೋಗಿದ್ದು ಹಳೇ ಕಾಗದ ನೋಡಲು. ನೂರೈವತ್ತು, ಇನ್ನೂರು ವರ್ಷದ ಹಿಂದಿನ ಚುನಾವಣೆ ಚಿತ್ರ, ವ್ಯಂಗ್ಯಚಿತ್ರ, ಗುಲಾಮಗಿರಿ ವಿರೋಧದ ಕರಪತ್ರ, ಕುಡಿತ ಬಿಡಿಸುವ ಪಟ, ಹೆಣ್ಣುಮಕ್ಕಳ ವೋಟಿನ ಹೋರಾಟದ ಹಾಳೆಗಳು. ಗದಗಿನಲ್ಲಿ ನಮ್ಮ ಮನೆಯವರದು ಒಂದು ಸಣ್ಣ ಪ್ರೆಸ್ ಇತ್ತು. ಚುನಾವಣೆ ಬಂತೆಂದರೆ ಒಂದೇ ಟ್ರೆಡಲ್ ಅಚ್ಚಿನ ಮಷಿನ್ ಮೇಲೆ ಬೆಳಗ್ಗೆ ಒಂದು ಪಕ್ಷದ ಹ್ಯಾಂಡ್‌ಬಿಲ್, ಮಧ್ಯಾಹ್ನ ಎದುರು ಪಕ್ಷದ್ದು. ಎಣಿಕೆ ಮುಗಿದ ಮರುದಿನ ಎರಡೂ ಚರಂಡಿಯಲ್ಲಿ. ಅಂಥ ಕಾಗದವನ್ನು ಎತ್ತಿಟ್ಟುಕೊಂಡ ಜನ ಎಲ್ಲಾದರೂ ಇದ್ದಾರೆ ಅಂದರೆ ನೋಡಬೇಕು ಅನ್ನಿಸುತ್ತೆ, ಅಲ್ವಾ? ಅಣ್ಣನ ಮಗಳು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾಳೆ. ಅಕ್ಟೋಬರಿನಲ್ಲಿ ರಜೆ ಹಾಕಿ ಕಾರು ತೆಗೆದಳು.

ಬುಧವಾರ, ಮೋರಿಸ್‌ಟೌನ್

ಎಡಿಸನ್‌ನಿಂದ ಮುಕ್ಕಾಲು ಗಂಟೆ ದಾರಿ. ಎಲೆ ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ. ಊರಿನ ನಡುವೆ ದೊಡ್ಡ ಹಸಿರು ಚೌಕ, ಅಲ್ಲಿಂದ ಸ್ವಲ್ಪ ನಡೆದರೆ ಮ್ಯಾಕಲಕ್ ಹಾಲ್ ಎಂಬ ಇಟ್ಟಿಗೆ ಮನೆ. ಈಗ ಅದು ಮ್ಯೂಸಿಯಂ. ವಾರದಲ್ಲಿ ಕೆಲವೇ ಮಧ್ಯಾಹ್ನ ತೆರೆದಿರುತ್ತೆ, ಫೋನ್ ಮಾಡಿ ಕೇಳಿಕೊಂಡು ಹೋಗುವುದು ಒಳ್ಳೇದು. ಇಲ್ಲಿಗೆ ಬಂದಿದ್ದು ಥಾಮಸ್ ನಾಸ್ಟ್‌ಗಾಗಿ. ಜರ್ಮನಿಯ ಲಾಂಡೌದಲ್ಲಿ 1840ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದವನು. 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯ ಚಿತ್ರಕಾರ. ರಿಪಬ್ಲಿಕನ್ ಪಕ್ಷಕ್ಕೆ ಆನೆ ಅಂಟಿಕೊಂಡಿದ್ದು 1874ರ ನವೆಂಬರಿನ ಅವನ ಚಿತ್ರದಿಂದ. ಕೆಂಪು ಅಂಗಿಯ ದಪ್ಪ ಹೊಟ್ಟೆಯ ಸಾಂಟಾ ಕ್ಲಾಸ್ ನಮಗೆಲ್ಲ ಗೊತ್ತಿರುವ ರೂಪಕ್ಕೆ ಬಂದಿದ್ದರಲ್ಲೂ ಅವನ ಕೈ ದೊಡ್ಡದು. ಅವನ ಸ್ವಂತ ಮನೆ ಇದೇ ಬೀದಿಯಲ್ಲಿದೆ. ಅಲ್ಲಿ ಬೇರೆ ಯಾರೋ ವಾಸ ಇದ್ದಾರೆ, ಹೊರಗಿನಿಂದ ನೋಡಿ ಬರಬೇಕು ಅಷ್ಟೇ.

ಒಳಗೆ ಹಾಳೆಗಳನ್ನು ನೋಡುವಾಗ ನನ್ನ ಕಣ್ಣು ಹೋಗಿದ್ದು ಚಿತ್ರಕ್ಕಿಂತ ಜಾಸ್ತಿ ಅದರ ಜೋಡಣೆಗೆ. ಆಗ ಪತ್ರಿಕೆಯ ಚಿತ್ರ ಅಂದರೆ ಮರದ ಬ್ಲಾಕು. ಬಾಕ್ಸ್‌ವುಡ್ ಮರ ದಪ್ಪ ಬೆಳೆಯುವುದಿಲ್ಲ, ದೊಡ್ಡ ತುಂಡು ಸಿಗುವುದಿಲ್ಲ. ಹಾಗಾಗಿ ಸಣ್ಣ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ ಒಂದು ಪುಟದ ಹಲಗೆ ಮಾಡುತ್ತಿದ್ದರು. ಅದರ ಮೇಲೆ ನಾಸ್ಟ್ ಚಿತ್ರವನ್ನು ಉಲ್ಟಾ ಬರೆಯುತ್ತಿದ್ದ. ಆಮೇಲೆ ಹಲಗೆ ಬಿಚ್ಚಿ ತುಂಡಿಗೊಬ್ಬ ಕೆತ್ತುವವನಿಗೆ ಹಂಚುವುದು, ಎಲ್ಲರೂ ಒಟ್ಟಿಗೆ ಕೆತ್ತಿ ಮುಗಿಸಿದ ಮೇಲೆ ಮತ್ತೆ ಜೋಡಿಸುವುದು. ವಾರಪತ್ರಿಕೆಯ ಗಡುವು ಮುಟ್ಟಬೇಕಲ್ಲ! ಕಣ್ಣು ಹತ್ತಿರ ಒಯ್ದರೆ ಕೆಲವು ಚಿತ್ರಗಳಲ್ಲಿ ಆಕಾಶದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ನೆಟ್ಟಗೆ ಇಳಿದಿರುತ್ತೆ. ಅದು ಎರಡು ಬ್ಲಾಕಿನ ಸಂದು. ಅದನ್ನು ತೋರಿಸಿದ್ದಕ್ಕೆ ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಖುಷಿಯಾಗಿ, "ಮಕ್ಕಳು ಬಂದರೆ ಸಾಂಟಾ ಎಲ್ಲಿ ಅಂತ ಕೇಳುತ್ತಾರೆ, ಸಂದು ನೋಡುವವರು ಕಮ್ಮಿ" ಅಂದರು.

ಗುರುವಾರ, ನ್ಯೂಯಾರ್ಕಿನ ನಸಾವ್ ಸ್ಟ್ರೀಟ್

ಕಾರು ಬಿಟ್ಟು ರೈಲು ಹಿಡಿದೆವು. ಮ್ಯಾನ್‌ಹಟನ್‌ನಲ್ಲಿ ಪಾರ್ಕಿಂಗಿಗೆ ಕೊಡುವ ದುಡ್ಡಿನಲ್ಲಿ ಇಬ್ಬರ ಊಟ ಆಗುತ್ತೆ. ಮೊದಲು ನೋಡಿದ್ದು 52, ಚೇಂಬರ್ಸ್ ಸ್ಟ್ರೀಟಿನ ಟ್ವೀಡ್ ಕೋರ್ಟ್‌ಹೌಸ್. ನ್ಯೂಯಾರ್ಕನ್ನು ಕೈಯಲ್ಲಿಟ್ಟುಕೊಂಡಿದ್ದ ಪುಢಾರಿ ಬಾಸ್ ಟ್ವೀಡ್ ಈ ಕಟ್ಟಡದ ಹೆಸರಲ್ಲಿ ನುಂಗಿದ್ದು ಅಷ್ಟಿಷ್ಟಲ್ಲ. 1861ರಲ್ಲಿ ಶುರುವಾಗಿ ಮುಗಿದಿದ್ದು 1881ರಲ್ಲಿ. 1873ರಲ್ಲಿ ಅವನದೇ ವಿಚಾರಣೆ ಇದೇ ಕಟ್ಟಡದ ಅರೆಬರೆ ಕೋಣೆಯಲ್ಲಿ ನಡೆಯಿತು. ಅದಕ್ಕೆ ಎರಡು ವರ್ಷ ಮೊದಲು, 1871ರ ಆಗಸ್ಟಿನಲ್ಲಿ ನಾಸ್ಟ್ ಒಂದು ಚಿತ್ರ ಬರೆದಿದ್ದ. ಟ್ವೀಡ್ ಮತ್ತವನ ಗುಂಪು ವೃತ್ತಾಕಾರವಾಗಿ ನಿಂತಿದೆ. ಜನರ ದುಡ್ಡು ಕದ್ದವರು ಯಾರು ಅಂತ ಪ್ರಶ್ನೆ. ಪ್ರತಿಯೊಬ್ಬನೂ ಪಕ್ಕದವನತ್ತ ಬೆರಳು ತೋರಿಸುತ್ತಾನೆ. ನಮ್ಮ ಜನಕ್ಕೆ ಓದಲು ಬರುವುದಿಲ್ಲ, ಆದರೆ ಈ ದರಿದ್ರ ಚಿತ್ರ ನೋಡುವುದನ್ನು ತಪ್ಪಿಸೋಕಾಗಲ್ಲ ಅಂತ ಟ್ವೀಡ್ ಗೊಣಗಿದ ಅನ್ನುವ ಮಾತಿದೆ. ಜೈಲಿನಿಂದ ತಪ್ಪಿಸಿಕೊಂಡು ಸ್ಪೇನಿಗೆ ಓಡಿದವನು 1876ರಲ್ಲಿ ಅಲ್ಲಿ ಸಿಕ್ಕಿಬಿದ್ದ. ಗುರುತು ಸಿಕ್ಕಿದ್ದೂ ನಾಸ್ಟ್‌ನ ಚಿತ್ರದಿಂದಲೇ ಅಂತ ಕಥೆ.

"ಕಾಕಾ, ಇಷ್ಟು ದೂರ ಬಂದು ಕೋರ್ಟಿನ ಗ್ವಾಡಿ ನೋಡಾಕ ಹತ್ತೀರಲ್ಲ" ಅಂದಳು ಅಣ್ಣನ ಮಗಳು. ಗಾಡಿಯೊಂದರಲ್ಲಿ ಫಲಾಫೆಲ್ ಕೊಡಿಸಿ ಸಮಾಧಾನ ಮಾಡಿ, ಅಲ್ಲಿಂದ ಐದು ನಿಮಿಷದ ನಸಾವ್ ಸ್ಟ್ರೀಟಿಗೆ ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಅಲ್ಲಿ ನೋಡಲು ಏನೂ ಇಲ್ಲ. ಫೋನ್ ಅಂಗಡಿ, ಕಾಫಿ ಅಂಗಡಿ, ರಿಪೇರಿಗೆ ಕಟ್ಟಿದ ಅಟ್ಟಣಿಗೆ. ಮೂಲೆಯಲ್ಲಿ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಪ್ರತಿಮೆ ಕೈಯಲ್ಲಿ ತನ್ನ ಪತ್ರಿಕೆ ಹಿಡಿದು ನಿಂತಿದೆ. ಆದರೆ ನನಗೆ ಇಡೀ ಪ್ರವಾಸದಲ್ಲಿ ಅತಿ ಇಷ್ಟವಾದ ಬೀದಿ ಇದೇ.

ಯಾಕೆ ಅಂದರೆ, 1830-40ರ ದಶಕದಲ್ಲಿ ಈ ಕೆಲವೇ ಬಾಗಿಲುಗಳಿಂದ ದೇಶಕ್ಕೆಲ್ಲ ಕಾಗದ ಹರಿಯುತ್ತಿತ್ತು. 150ನೇ ನಂಬರಿನಲ್ಲಿ ಅಮೆರಿಕನ್ ಟ್ರಾಕ್ಟ್ ಸೊಸೈಟಿ. ಧರ್ಮದ ಕಿರುಪುಸ್ತಕ, ಕುಡಿತ ಬಿಡಿ ಎನ್ನುವ ಕರಪತ್ರ ಅಚ್ಚು ಹಾಕುವವರು. ಈಗ ಅಲ್ಲಿ ನಿಂತಿರುವ ಎತ್ತರದ ಕಟ್ಟಡವೂ 1895ರ ಹೊತ್ತಿಗೆ ಅವರೇ ಕಟ್ಟಿಸಿದ್ದು. ಅದೇ ಬೀದಿಯ 143ರಲ್ಲಿ ಗುಲಾಮಗಿರಿ ವಿರೋಧಿ ಸಂಘ, ಅಂದರೆ ಅಮೆರಿಕನ್ ಆಂಟಿ-ಸ್ಲೇವರಿ ಸೊಸೈಟಿ. ಟ್ರಾಕ್ಟ್ ಸೊಸೈಟಿಯವರು ಕುಡಿತದ ಬಗ್ಗೆ, ಜೂಜಿನ ಬಗ್ಗೆ ಎಷ್ಟು ಬೇಕಾದರೂ ಬೈಯುತ್ತಿದ್ದರು. ಗುಲಾಮಗಿರಿ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ದಕ್ಷಿಣದ ದೇಣಿಗೆದಾರರು ಕೈ ಬಿಟ್ಟಾರು ಅಂತ. ಇದಕ್ಕಾಗಿ 1850ರ ದಶಕದಲ್ಲಿ ಟ್ರಾಕ್ಟ್ ಸೊಸೈಟಿಯೊಳಗೇ ದೊಡ್ಡ ಜಗಳ ಆಯಿತು.

152ರಲ್ಲಿ ನಥಾನಿಯಲ್ ಕರಿಯರ್ ಅಂಗಡಿ. ಮುಂದೆ ಐವ್ಸ್ ಪಾಲುದಾರನಾಗಿ 'ಕರಿಯರ್ ಅಂಡ್ ಐವ್ಸ್' ಆಯಿತು. ಇವರದು ಲಿಥೋ, ಕಲ್ಲಚ್ಚು. ಕಪ್ಪು ಬಿಳುಪಿನಲ್ಲಿ ಅಚ್ಚಾದ ಹಾಳೆ ಉದ್ದನೆಯ ಮೇಜಿಗೆ ಬರುತ್ತಿತ್ತು. ಅಲ್ಲಿ ಹೆಂಗಸರು ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಬಣ್ಣ ಹಚ್ಚಿ ಮುಂದೆ ದಾಟಿಸುತ್ತಿದ್ದರು. 1846ರ 'ಕುಡುಕನ ದಾರಿ' ಪಟ ಇಲ್ಲಿಂದಲೇ ಹೊರಟಿದ್ದು. ಕಮಾನಿನ ಮೇಲೆ ಒಂಬತ್ತು ಮೆಟ್ಟಿಲು. ಮೊದಲನೆಯದು 'ಗೆಳೆಯನ ಜೊತೆ ಒಂದು ಗ್ಲಾಸು', ಎರಡನೆಯದು 'ಚಳಿಗೆ ಒಂದು ಗ್ಲಾಸು'. ಐದನೆಯದು ತುತ್ತ ತುದಿ, ಜೊತೆಗಾರರೊಂದಿಗೆ ಮಜಾ. ಆಮೇಲೆ ಇಳಿಜಾರು: ಬಡತನ ಮತ್ತು ರೋಗ, ಕೈಬಿಟ್ಟ ಗೆಳೆಯರು, ಕೊನೆಗೆ ತಲೆಗೆ ಪಿಸ್ತೂಲು. ಕಮಾನಿನ ಕೆಳಗೆ ಮಗುವಿನ ಜೊತೆ ಅಳುತ್ತಿರುವ ಹೆಂಡತಿ.

ಇನ್ನೊಂದು ಸಂಗತಿ ನೆನೆಸಿಕೊಂಡರೆ ನನಗೆ ಈಗಲೂ ನಗು. 1848ರಲ್ಲಿ ಇದೇ ಕರಿಯರ್, ಜಾರ್ಜ್ ವಾಷಿಂಗ್ಟನ್ ತನ್ನ ಅಧಿಕಾರಿಗಳಿಗೆ ವಿದಾಯ ಹೇಳುವ ಚಿತ್ರ ಹೊರತಂದ. ಕೈಯಲ್ಲಿ ಗ್ಲಾಸು, ಮೇಜಿನ ಮೇಲೆ ಮದ್ಯ. 1876ರಲ್ಲಿ ಮತ್ತೆ ಅಚ್ಚು ಹಾಕುವಾಗ ಪಾನವಿರೋಧಿಗಳ ಕಾಲ ಜೋರಾಗಿತ್ತು. ಗ್ಲಾಸು ಮಾಯ. ಮದ್ಯ ಇದ್ದ ಜಾಗಕ್ಕೆ ಒಂದು ಟೋಪಿ ಬಂತು. ಚುನಾವಣೆಯಲ್ಲೂ ಅಷ್ಟೇ. 1860ರಲ್ಲಿ ಲಿಂಕನ್‌ನನ್ನು ಹೊಗಳುವ ಪಟವೂ ಇಲ್ಲೇ, ಗೇಲಿ ಮಾಡುವ ಪಟವೂ ಇಲ್ಲೇ. ಕೆಲವರಿಗೆ ಇದು ಬೇಸರ ತರಿಸುತ್ತೆ. ನನಗೆ ಹಾಗನ್ನಿಸಲಿಲ್ಲ. ಪ್ರೆಸ್ಸಿನವನಿಗೆ ತಿಂಗಳ ಕೊನೆಗೆ ಸಂಬಳ ಕೊಡಬೇಕು. ಈ ಚಿತ್ರಗಳೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿನಲ್ಲಿ ದೊಡ್ಡ ಅಳತೆಯಲ್ಲಿ ಪುಕ್ಕಟೆ ಸಿಗುತ್ತವೆ. ಬೀದಿಯಲ್ಲಿ ನಿಂತು ಫೋನಿನಲ್ಲಿ ಒಂದೊಂದೇ ತೆಗೆದು ತೋರಿಸಿದೆ. ಆಗ ಅವಳಿಗೂ ಸ್ವಲ್ಪ ರುಚಿ ಹತ್ತಿತು.

ಶುಕ್ರವಾರ, ಇಥಾಕ

ಕತ್ತಲಿರುವಾಗಲೇ ಹೊರಟೆವು. ಡೆಲವೇರ್ ನದಿ ಗುಡ್ಡ ಸೀಳಿಕೊಂಡು ಬರುವ ಜಾಗದಲ್ಲಿ ಬೆಳಕು ಹರಿಯಿತು. ಆಮೇಲೆ ಪೆನ್ಸಿಲ್ವೇನಿಯಾದ ಗುಡ್ಡಗಳು, ಜಿಟಿಜಿಟಿ ಮಳೆ, ಬಿಂಗ್‌ಹ್ಯಾಂಟನ್ ದಾಟಿದ ಮೇಲೆ ಸಣ್ಣ ರಸ್ತೆ. ಮೇಪಲ್ ಮರಗಳು ಇಲ್ಲಿ ಪೂರ್ತಿ ಕೆಂಪು. ಹಳ್ಳಿ ಮನೆಗಳ ಮುಂದೆ ನವೆಂಬರ್ ಚುನಾವಣೆಯ ಬೋರ್ಡುಗಳನ್ನು ಹುಲ್ಲಿನಲ್ಲಿ ನೆಟ್ಟಿದ್ದರು. ಕಾರಿನಲ್ಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಕಾರ್ನೆಲ್ ವಿಶ್ವವಿದ್ಯಾಲಯದ ಅಪರೂಪದ ಪುಸ್ತಕಗಳ ವಿಭಾಗ ನೆಲದ ಕೆಳಗಿದೆ. ಫೋಟೋ ಇರುವ ಗುರುತಿನ ಚೀಟಿ ತೋರಿಸಿ ಹೆಸರು ಬರೆಸಿದರೆ ಹೊರಗಿನವರೂ ಕೂತು ನೋಡಬಹುದು. ಬೇಕಾದ್ದನ್ನು ಕೆಲವು ದಿನ ಮೊದಲೇ ಆನ್‌ಲೈನಿನಲ್ಲಿ ಕೇಳಿಟ್ಟುಕೊಳ್ಳಿ. ಕೋಟು, ಚೀಲ ಎಲ್ಲ ಲಾಕರಿಗೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಸಿರಾಕ್ಯೂಸ್ ಊರಿನ ಪಾದ್ರಿ ಸ್ಯಾಮ್ಯುಯೆಲ್ ಮೇ ತಾನು ಕೂಡಿಟ್ಟ ಗುಲಾಮಗಿರಿ ವಿರೋಧಿ ಕರಪತ್ರಗಳನ್ನು 1870ರಲ್ಲಿ ಇಲ್ಲಿಗೆ ಕೊಟ್ಟ. ಆ ಸಂಗ್ರಹ ಈಗ ಹತ್ತು ಸಾವಿರ ದಾಟಿದೆ.

ನನ್ನ ಮುಂದೆ ಬಂದಿದ್ದು ಒಂದು ಅಲ್ಮನ್ಯಾಕ್, 1840ರದ್ದು. ನಮ್ಮ ಪಂಚಾಂಗದ ಹಾಗೆ ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ಲೆಕ್ಕ, ಗ್ರಹಣ ಎಲ್ಲ ಇದೆ. ರೈತನ ಮನೆಯ ಮೊಳೆಗೆ ವರ್ಷವಿಡೀ ನೇತಾಡುವ ಪುಸ್ತಕ. ಆದರೆ ತಿಂಗಳ ಪುಟದ ಜೊತೆಗೆ ಒಂದೊಂದು ಮರದಚ್ಚಿನ ಚಿತ್ರ. ಒಂದರಲ್ಲಿ ತಾಯಿಯನ್ನು ಕೊಂಡವನು ಎಳೆದುಕೊಂಡು ಹೋಗುತ್ತಿದ್ದಾನೆ, ಕೂಸು ಹಿಂದೆ ಉಳಿದಿದೆ. ಇನ್ನೊಂದರಲ್ಲಿ ಓಡಿಹೋದವರ ಮೇಲೆ ನಾಯಿ ಬಿಟ್ಟಿದ್ದಾರೆ. ಬಿತ್ತನೆಗೆ ದಿನ ನೋಡಲು ಪುಸ್ತಕ ತೆಗೆದವನು ಇದನ್ನೂ ನೋಡಲೇಬೇಕು. ಎಂಥ ಜಾಣ ಲೆಕ್ಕ! ಕೆತ್ತನೆ ಒರಟು, ಮಸಿ ಅಲ್ಲಲ್ಲಿ ಜಾಸ್ತಿ ಕೂತಿದೆ, ಒಂದೆರಡು ಸಾಲು ಸೊಟ್ಟ. ಗಡಿಬಿಡಿಯಲ್ಲಿ ಓಡಿಸಿದ ಕೆಲಸ ಅಂತ ನೋಡಿದರೆ ಗೊತ್ತಾಗುತ್ತೆ. ಕಾಗದ ಮಾತ್ರ ಇನ್ನೂ ಗಟ್ಟಿ. ಆಗ ಚಿಂದಿ ಬಟ್ಟೆಯಿಂದ ಮಾಡುತ್ತಿದ್ದರು. ಮರದ ತಿರುಳಿನ ಕಾಗದ ಬಂದ ಮೇಲಿನ ಪತ್ರಿಕೆಗಳೇ ಈಗ ಹಪ್ಪಳದಂತೆ ಮುರಿಯುವುದು.

ಅಂಗೈಯಷ್ಟೇ ಅಗಲದ ಮಕ್ಕಳ ಮಾಸಿಕವೂ ಇತ್ತು, 'ದಿ ಸ್ಲೇವ್ಸ್ ಫ್ರೆಂಡ್'. ಬೆಲೆ ಒಂದು ಸೆಂಟು, ನೂರು ಕೊಂಡರೆ ರಿಯಾಯಿತಿ. ಇಂಥ ಕಾಗದಗಳನ್ನು 1835ರಲ್ಲಿ ಗುಲಾಮಗಿರಿ ವಿರೋಧಿ ಸಂಘದವರು ದಕ್ಷಿಣದ ಊರುಗಳಿಗೆ ಅಂಚೆಯಲ್ಲಿ ರಾಶಿ ರಾಶಿ ಕಳಿಸಿದರು. ಜುಲೈನಲ್ಲಿ ಚಾರ್ಲ್‌ಸ್ಟನ್‌ನಲ್ಲಿ ಜನ ಅಂಚೆ ಕಚೇರಿಗೆ ನುಗ್ಗಿ ಚೀಲಗಳನ್ನು ಹೊತ್ತೊಯ್ದು ಸುಟ್ಟರು.

ಮಧ್ಯಾಹ್ನ ಚುನಾವಣೆ ಸಾಮಾನು. ಸೂಸನ್ ಡಗ್ಲಸ್ ಎಂಬಾಕೆ ಕೂಡಿಸಿದ ಸಂಗ್ರಹ, 1789ರಿಂದ 1960ರವರೆಗಿನದು. ರಿಬ್ಬನ್, ಬಿಲ್ಲೆ, ಹಾಡಿನ ಹಾಳೆ. 1840ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತ ಹ್ಯಾರಿಸನ್‌ನನ್ನು ಮರದ ದಿಮ್ಮಿಯ ಗುಡಿಸಲಿನ ಬಡವ, ಹುಳಿ ಸೈಡರ್ ಕುಡಿಯುವ ಸಾದಾ ಮನುಷ್ಯ ಅಂತ ಬಿಂಬಿಸಿದರು. ಎಲ್ಲ ರಿಬ್ಬನ್ನಿನ ಮೇಲೂ ಗುಡಿಸಲು. ಅಸಲಿಗೆ ಅವನು ಹುಟ್ಟಿದ್ದು ವರ್ಜೀನಿಯಾದ ದೊಡ್ಡ ಎಸ್ಟೇಟ್ ಬಂಗಲೆಯಲ್ಲಿ. ಗೆದ್ದ, ಅಧಿಕಾರ ಹಿಡಿದು ಒಂದು ತಿಂಗಳಿಗೆ ತೀರಿಹೋದ. ಆ ಕಾಲದಲ್ಲಿ ಮತಪತ್ರವನ್ನೂ ಪಕ್ಷದವರೇ ಅಚ್ಚು ಹಾಕಿಸುತ್ತಿದ್ದರು. ನಮ್ಮವನು ಯಾವ ಬಣ್ಣದ ಚೀಟಿ ಪೆಟ್ಟಿಗೆಗೆ ಹಾಕಿದ ಅಂತ ದೂರದಿಂದಲೇ ಕಾಣಬೇಕಲ್ಲ! ಸರ್ಕಾರವೇ ಅಚ್ಚು ಹಾಕಿಸುವ ಗುಪ್ತ ಮತಪತ್ರವನ್ನು ಮ್ಯಾಸಚೂಸೆಟ್ಸ್ ರಾಜ್ಯ ತಂದಿದ್ದು 1888ರಲ್ಲಿ. ಪ್ರೆಸ್ಸಿನವರಿಗೆ ಅವತ್ತು ಎಷ್ಟು ನಷ್ಟವಾಯಿತೋ!

ಶನಿವಾರ, ಕಯೂಗಾ ಸರೋವರದ ದಂಡೆಗುಂಟ

ಬೆಳಗ್ಗೆ ಇಥಾಕದ ಕೆರೆ ದಂಡೆಯ ರೈತರ ಸಂತೆ. ಬಿಸಿ ಸೈಡರ್, ದಾಲ್ಚಿನ್ನಿ ಹಾಕಿದ ಡೋನಟ್. ಸೈಡರ್ ಅಂದರೆ ಇಲ್ಲಿ ಬರೀ ಸೇಬಿನ ರಸ, ಧೈರ್ಯವಾಗಿ ಕುಡಿಯಬಹುದು. ಹುಳಿ ಬರಿಸಿದ್ದಕ್ಕೆ ಬೇರೆ ಹೆಸರು ಹೇಳಿ ಕೇಳಬೇಕು. ಅಲ್ಲಿಂದ 89ನೇ ನಂಬರಿನ ರಸ್ತೆ. ಬಲಕ್ಕೆ ಮುಗಿಯದ ಉದ್ದನೆಯ ಸರೋವರ, ಎಡಕ್ಕೆ ದ್ರಾಕ್ಷಿ ತೋಟ. ಟಾಘನಕ್ ಜಲಪಾತ ರಸ್ತೆ ಪಕ್ಕದಲ್ಲೇ. 215 ಅಡಿ, ನಯಾಗರಕ್ಕಿಂತ ಎತ್ತರ ಅಂತ ಇಲ್ಲಿಯವರಿಗೆ ಹೆಮ್ಮೆ. ಜೋಗ ನೋಡಿದವನು ನಾನು, ಸುಮ್ನೆ ತಲೆಯಾಡಿಸಿದೆ.

ಅಲ್ಲಿಂದ ಮುಂದೆ ಟೈರ್ ಪಂಕ್ಚರ್. ಮಳೆ ಬೇರೆ. ಬೋಲ್ಟು ಬಿಗಿಯಾಗಿ ಕೂತು ಅಲುಗಾಡಲಿಲ್ಲ. ಪಿಕಪ್ ಗಾಡಿಯಲ್ಲಿ ಬಂದ ದ್ರಾಕ್ಷಿ ಬೆಳೆಗಾರನೊಬ್ಬ ತನ್ನ ಉದ್ದನೆಯ ಪಾನಾ ತಂದು ಬಿಚ್ಚಿಕೊಟ್ಟ. ಅವನ ಗೇಟಿನ ಎಡಕ್ಕೆ ಒಬ್ಬ ಅಭ್ಯರ್ಥಿಯ ಬೋರ್ಡು, ಬಲಕ್ಕೆ ಎದುರಾಳಿಯದು. ಕೇಳಿದರೆ, "ಎಡಗಡೆದು ನನ್ನದು, ಬಲಗಡೆದು ಹೆಂಡತಿದು. ನವೆಂಬರ್‌ವರೆಗೆ ಹುಲ್ಲು ಕತ್ತರಿಸುವುದು ನಾನೇ, ಆದರೆ ಅವಳ ಬೋರ್ಡಿಗೆ ಮಷಿನ್ ತಾಗಿಸುವಂತಿಲ್ಲ" ಅಂದ. ಒಂದು ಬುಟ್ಟಿ ಕಪ್ಪು ದ್ರಾಕ್ಷಿ ಕೊಟ್ಟ. ದುಡ್ಡು ತಗೊಳ್ಳಲಿಲ್ಲ. ರೊಟ್ಟಿಯ ಕಟ್ಟು ಕೊಟ್ಟೆವು, ಮುರಿದು ತಿಂದು ಇದು ಬಿಸ್ಕತ್ತಾ ಅಂತ ಕೇಳಿದ.

ಸೆನೆಕಾ ಫಾಲ್ಸ್ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. 1848ರ ಜುಲೈ 19 ಮತ್ತು 20ರಂದು ಇಲ್ಲಿಯ ವೆಸ್ಲಿಯನ್ ಚಾಪೆಲ್‌ನಲ್ಲಿ ಹೆಣ್ಣುಮಕ್ಕಳ ಹಕ್ಕಿನ ಮೊದಲ ಸಮಾವೇಶ ನಡೆಯಿತು. ಹೆಂಗಸರಿಗೂ ಸಮಾನ ಹಕ್ಕು ಬೇಕು ಎನ್ನುವ ಘೋಷಣೆಗೆ ಸಹಿ ಹಾಕಿದವರು 68 ಹೆಂಗಸರು, 32 ಗಂಡಸರು. ಆ ಚಾಪೆಲ್ ಮುಂದೆ ಕಾರು ಗ್ಯಾರೇಜೂ ಆಯಿತು, ಬಟ್ಟೆ ಒಗೆಯುವ ಅಂಗಡಿಯೂ ಆಯಿತು. ಈಗ ಸರ್ಕಾರ ಸರಿಪಡಿಸಿ ಇಟ್ಟಿದೆ. ಘೋಷಣೆಯ ಕೈಬರಹದ ಮೂಲ ಇಂದಿಗೂ ಸಿಕ್ಕಿಲ್ಲ. ಉಳಿದಿದ್ದು ಅಚ್ಚಾದ ವರದಿ. ಅದನ್ನು ಅಚ್ಚು ಹಾಕಿದ್ದು ರೋಚೆಸ್ಟರಿನಲ್ಲಿ ಫ್ರೆಡರಿಕ್ ಡಗ್ಲಸ್‌ನ 'ನಾರ್ತ್ ಸ್ಟಾರ್' ಪತ್ರಿಕೆಯ ಪ್ರೆಸ್ಸಿನಲ್ಲಿ. ಗುಲಾಮಗಿರಿಯಿಂದ ಓಡಿಬಂದವನ ಪ್ರೆಸ್ಸಿನಲ್ಲಿ ಹೆಂಗಸರ ಘೋಷಣೆ!

ಕಾಲುವೆ ಪಕ್ಕ ಮೂವರು ಹೆಂಗಸರ ಕಂಚಿನ ಪ್ರತಿಮೆ ಇದೆ. ನಡುವಿನವಳು ಅಮೇಲಿಯಾ ಬ್ಲೂಮರ್, 1851ರ ಮೇ ತಿಂಗಳಲ್ಲಿ ಆ ಸಮಾವೇಶ ಕರೆದವರಲ್ಲೊಬ್ಬಳಾದ ಎಲಿಜಬೆತ್ ಕೇಡಿ ಸ್ಟಾಂಟನ್‌ಗೆ ಮುಂದೆ ಹೆಂಗಸರ ವೋಟಿಗಾಗಿ ಹೋರಾಡಿದ ಸೂಸನ್ ಆಂಟನಿಯ ಪರಿಚಯ ಮಾಡಿಸುತ್ತಿದ್ದಾಳೆ. ಬ್ಲೂಮರ್ ಇದೇ ಊರಿನಲ್ಲಿ 1849ರಲ್ಲಿ 'ದಿ ಲಿಲಿ' ಎಂಬ ಪಾನವಿರೋಧಿ ಪತ್ರಿಕೆ ಶುರು ಮಾಡಿದಳು, ಬರಬರುತ್ತಾ ಅದು ಹೆಂಗಸರ ಹಕ್ಕಿನ ಪತ್ರಿಕೆಯಾಯಿತು. ಗಿಡ್ಡ ಲಂಗದ ಕೆಳಗೆ ಸಡಿಲ ಪ್ಯಾಂಟು ಹಾಕುವುದನ್ನು ಅವಳು ಅದರಲ್ಲಿ ಬೆಂಬಲಿಸಿದ್ದೇ ತಡ, ವ್ಯಂಗ್ಯಚಿತ್ರಕಾರರಿಗೆ ಹಬ್ಬ. ಪ್ಯಾಂಟು ತೊಟ್ಟ ಹೆಂಗಸು ಸಿಗಾರು ಸೇದುವ ಚಿತ್ರಗಳು ಬಂದವು. ಕರಿಯರ್ ಮಾತ್ರ ಆ ಉಡುಪಿನ ಚೆಂದದ ಬಣ್ಣದ ಪಟ ಮಾಡಿ ಮಾರಿದ. ಅಣ್ಣನ ಮಗಳು ಪ್ರತಿಮೆಯ ಕಾಲು ನೋಡಿ, "ಕಾಕಾ, ಇಷ್ಟಕ್ಕ ಅಷ್ಟು ಗದ್ದಲಾ ಏನ್ರಿ?" ಅಂದಳು. ಅವಳು ಹಾಕಿದ್ದು ಚೂಡಿದಾರ.

ಭಾನುವಾರ, ಒಂದು ಅಂಗಡಿ ಮತ್ತು ಒಂದು ಗಂಗೆ

ಪಶ್ಚಿಮಕ್ಕೆ ಹೋಗುವ 5 ಮತ್ತು 20ನೇ ನಂಬರಿನ ಹಳೇ ರಸ್ತೆಯಲ್ಲಿ ಹಳೇ ಸಾಮಾನಿನ ಅಂಗಡಿಗಳು ಬಹಳ. ಕೊಟ್ಟಿಗೆಯಲ್ಲಿ ನಡೆಸುವ ಅಂಥದೊಂದು ಅಂಗಡಿಗೆ ಹೊಕ್ಕೆವು. ಹಾಲಿನ ಕ್ಯಾನು, ಗಡಿಯಾರ, ಮುರಿದ ಕುರ್ಚಿ, ಮೂಲೆಯಲ್ಲಿ ಪ್ಲಾಸ್ಟಿಕ್ ಹಾಕಿದ 'ಹಾರ್ಪರ್ಸ್ ವೀಕ್ಲಿ' ಹಾಳೆಗಳ ಎರಡು ಪೆಟ್ಟಿಗೆ. ಇಡೀ ಪುಟ ಹತ್ತಿಪ್ಪತ್ತು ಡಾಲರಿನಿಂದ ಸಿಗುತ್ತೆ. ಅಂಗಡಿಯಾಕೆ, "ಸಾಂಟಾ ಹುಡುಕಬೇಡಿ, ಅವು ಬಂದ ವಾರವೇ ಹೋಗುತ್ತವೆ" ಅಂತ ಮೊದಲೇ ಹೇಳಿದರು.

ಆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು 'ದಿ ಅಮೆರಿಕನ್ ರಿವರ್ ಗ್ಯಾಂಜಿಸ್'. ಅಮೆರಿಕದ ಗಂಗಾ ನದಿ! 1871ರ ಸೆಪ್ಟೆಂಬರ್ 30ರದ್ದು, ನಾಸ್ಟ್‌ನ ಚಿತ್ರ. ಇದೇ ಚಿತ್ರ 1875ರಲ್ಲೂ ಮತ್ತೆ ಬಂದಿದೆ, ಹಾಗಾಗಿ ಕೊಳ್ಳುವಾಗ ಮೇಲಿನ ತಾರೀಖು ನೋಡಿಕೊಳ್ಳಬೇಕು. ನದಿಯಿಂದ ಮೊಸಳೆಗಳು ತೆವಳಿಕೊಂಡು ದಂಡೆಗೆ ಬರುತ್ತಿವೆ. ಹತ್ತಿರ ಹೋದರೆ ಅವು ಮೊಸಳೆಯಲ್ಲ, ಕ್ಯಾಥೊಲಿಕ್ ಬಿಷಪ್ಪರು. ತಲೆಯ ಮೇಲಿನ ಕಿರೀಟವೇ ತೆರೆದ ಬಾಯಿ, ಅದರ ಅಂಚಿಗೆ ಹಲ್ಲು. ದಂಡೆಯಲ್ಲಿ ಶಾಲೆಯ ಮಕ್ಕಳು ಹೆದರಿ ಮುದುರಿದ್ದಾರೆ, ಮೇಷ್ಟ್ರು ಕೋಟಿನೊಳಗೆ ಬೈಬಲ್ ಸಿಕ್ಕಿಸಿಕೊಂಡು ಅಡ್ಡ ನಿಂತಿದ್ದಾನೆ. ಹಿಂದೆ ಸರ್ಕಾರಿ ಶಾಲೆ, ಅದರ ಮೇಲೆ ತಲೆಕೆಳಗಾದ ಬಾವುಟ. ಮೇಲಿನ ಬಂಡೆಯಿಂದ ಟ್ವೀಡ್ ಗುಂಪಿನವರು ಮಕ್ಕಳನ್ನು ಮೊಸಳೆಗಳ ಕಡೆಗೆ ಇಳಿಬಿಡುತ್ತಿದ್ದಾರೆ.

ಈ ಗಂಗೆ ಎಲ್ಲಿಂದ ಬಂತು? ಆ ಕಾಲದ ಮಿಷನರಿ ಪುಸ್ತಕಗಳಲ್ಲಿ, ಹಿಂದೂ ತಾಯಿ ತನ್ನ ಕೂಸನ್ನು ಗಂಗೆಯ ಮೊಸಳೆಗೆ ಎಸೆಯುವ ಚಿತ್ರ ಅಮೆರಿಕದ ಮಕ್ಕಳಿಗೆಲ್ಲ ಪರಿಚಯ. ನಾಸ್ಟ್ ಅದನ್ನೇ ಎತ್ತಿಕೊಂಡ. ಒಂದೇ ಏಟಿಗೆ ಐರಿಷ್ ಕ್ಯಾಥೊಲಿಕರಿಗೂ ಬೈಗುಳ, ನಮಗೂ ಬೈಗುಳ. ವಿಚಿತ್ರ ಏನೆಂದರೆ, ಅದೇ 1871ರ ಫೆಬ್ರವರಿಯಲ್ಲಿ ಇದೇ ಮನುಷ್ಯ ಇನ್ನೊಂದು ಚಿತ್ರ ಬರೆದಿದ್ದ. ತಲೆ ತಗ್ಗಿಸಿ ಕುಸಿದು ಕೂತ ಚೀನೀ ವಲಸಿಗ, ಅವನನ್ನು ಕಾಯುತ್ತಾ ಕೊಲಂಬಿಯಾ ಎಂಬ ದೇಶಮಾತೆ, ಎದುರಿಗೆ ಹೊಡೆಯಲು ಬಂದ ಗುಂಪು. ಹಿಂದಿನ ಗೋಡೆ ತುಂಬ ಚೀನೀಯರನ್ನು ಬೈಯುವ ಪೋಸ್ಟರುಗಳು. ಅದೂ ಪೆಟ್ಟಿಗೆಯಲ್ಲಿತ್ತು. ಟ್ವೀಡ್‌ನನ್ನು ಬೀಳಿಸಿದ್ದು, ಚೀನೀಯನ ಪರ ನಿಂತಿದ್ದು, ಬಿಷಪ್ಪರನ್ನು ಮೊಸಳೆ ಮಾಡಿದ್ದು ಎಲ್ಲ ಒಂದೇ ವರ್ಷ, ಒಂದೇ ಕೈ. ಸುಧಾರಕ ಅಂತ ಅವನನ್ನು ಹೊಗಳುವವರು ಮೊದಲ ಎರಡನ್ನೇ ತೋರಿಸುತ್ತಾರೆ. ಮೂರನೆಯದನ್ನೂ ಜೊತೆಗಿಟ್ಟು ನೋಡದಿದ್ದರೆ ನಾಸ್ಟ್ ಅರ್ಥವಾಗುವುದಿಲ್ಲ.

"ಗಂಗವ್ವನ್ನ ಬೈದಾನ, ಅದನ್ನ ರೊಕ್ಕಾ ಕೊಟ್ಟು ಮನಿಗೆ ಒಯ್ತೀರೇನ್ರಿ?"

"ಒಯ್ಯಬೇಕವಾ. ಎರಡೂ ಬೆನ್ನಿಗೆ ಬೆನ್ನು ಹಚ್ಚಿ ಇಡ್ತೀನಿ."

ಎರಡನ್ನೂ ಕೊಂಡೆ. ಹಾಳೆ ಸುರುಳಿ ಸುತ್ತಬಾರದು. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಕೈಚೀಲದಲ್ಲಿ ತರಬೇಕು.

ಕೆನಂಡೇಗ್ವ ಊರಿನಲ್ಲಿ ಕೋರ್ಟ್ ಮುಂದೆ ಕಾರು ನಿಲ್ಲಿಸಿದೆವು. ಭಾನುವಾರ, ಬಾಗಿಲು ಹಾಕಿತ್ತು. 1872ರ ಚುನಾವಣೆಯಲ್ಲಿ ವೋಟು ಹಾಕಿದ ತಪ್ಪಿಗೆ ಸೂಸನ್ ಆಂಟನಿಯ ವಿಚಾರಣೆ 1873ರ ಜೂನಿನಲ್ಲಿ ನಡೆದಿದ್ದು ಇಲ್ಲಿ. ಜೂರಿಗಳನ್ನು ಚರ್ಚಿಸಲೂ ಬಿಡದೆ ತಪ್ಪಿತಸ್ಥೆ ಎನ್ನಿ ಅಂತ ನ್ಯಾಯಾಧೀಶನೇ ಹೇಳಿಬಿಟ್ಟ. ದಂಡ 100 ಡಾಲರ್. ಒಂದು ಡಾಲರೂ ಕಟ್ಟುವುದಿಲ್ಲ ಅಂದಳು, ಕಟ್ಟಲೂ ಇಲ್ಲ. ವಿಚಾರಣೆಗೆ ಸ್ವಲ್ಪ ದಿನ ಮೊದಲು 'ಡೈಲಿ ಗ್ರಾಫಿಕ್' ಪತ್ರಿಕೆ ಮುಖಪುಟದಲ್ಲೇ ಅವಳ ಚಿತ್ರ ಹಾಕಿ ಗೇಲಿ ಮಾಡಿತ್ತು. ತಲೆಗೆ ಉದ್ದ ಟೋಪಿ, ಮುಖ ಗಂಟು, ಹಿಂದೆ ಹೆಣ್ಣು ಪೊಲೀಸು, ಕೂಸು ಎತ್ತಿಕೊಂಡ ಗಂಡಸು. ಆಗಿನವರಿಗೆ ಅದು ಭಯಾನಕ. ಅಣ್ಣನ ಮಗಳು ಫೋನಿನಲ್ಲಿ ನೋಡಿ, "ಇದರಾಗ ಹಾಸ್ಯ ಎಲ್ಲೈತ್ರಿ? ನಮ್ಮ ಆಫೀಸಿನ ಪಾರ್ಕಿಂಗಿನಾಗ ದಿನಾ ನೋಡ್ತೀನಿ" ಅಂದಳು.

ಊರ ಹೊರಗೆ ದ್ರಾಕ್ಷಿ ಪೈ ಸಿಕ್ಕಿತು. ನೇಪಲ್ಸ್ ಎಂಬ ಹಳ್ಳಿಯದು ಹೆಸರುವಾಸಿ. ಸುಗ್ಗಿಯಲ್ಲಿ ಈ ಕಡೆಯೆಲ್ಲ ಮಾಡುತ್ತಾರೆ. ಹುಳಿ, ಸಿಹಿ, ನೇರಳೆ ಬಣ್ಣ, ನಾಲಿಗೆ ಸಂಜೆಯವರೆಗೆ ನೀಲಿ. ರೋಚೆಸ್ಟರಿನ 17, ಮ್ಯಾಡಿಸನ್ ಸ್ಟ್ರೀಟಿನ ಆಂಟನಿ ಮನೆಯನ್ನು ಅದೇ ನಾಲಿಗೆಯಲ್ಲಿ ಸುತ್ತಿದೆವು. ಅವಳನ್ನು ಬಂಧಿಸಿದ್ದು ಇದೇ ಮನೆಯಲ್ಲಿ. ಹೋದರೆ ಪಕ್ಕದ ಪುಟ್ಟ ಪಾರ್ಕನ್ನೂ ನೋಡಿ. ಅಲ್ಲಿ ಆಂಟನಿ ಮತ್ತು ಡಗ್ಲಸ್ ಎದುರುಬದುರು ಕೂತು ಚಹಾ ಕುಡಿಯುವ ಪ್ರತಿಮೆ ಇದೆ.

ಸೋಮವಾರ, ಮೌಂಟ್ ಹೋಪ್

ಗಾಳಿ ಚುರುಕಾಗಿತ್ತು. ಡಗ್ಲಸ್, ಆಂಟನಿ ಇಬ್ಬರ ಸಮಾಧಿಯೂ ಮೌಂಟ್ ಹೋಪ್ ಸ್ಮಶಾನದಲ್ಲಿದೆ. ಗುಡ್ಡ, ತಿರುವು ಜಾಸ್ತಿ, ಬಾಗಿಲಲ್ಲೇ ನಕಾಶೆ ನೋಡಿಕೊಂಡು ಹೊರಡಬೇಕು. ಡಗ್ಲಸ್ 'ನಾರ್ತ್ ಸ್ಟಾರ್' ಶುರು ಮಾಡಿದ್ದು 1847ರ ಡಿಸೆಂಬರ್ 3ರಂದು. 1872ರ ಜೂನಿನಲ್ಲಿ ಅವನ ಇಲ್ಲಿಯ ಮನೆಗೆ ಬೆಂಕಿ ಬಿತ್ತು. ಅವನೇ ಜೋಪಾನ ಮಾಡಿದ್ದ ತನ್ನ ಪತ್ರಿಕೆಗಳ ಕಟ್ಟುಗಳೆಲ್ಲ ಸುಟ್ಟುಹೋದವು. ಇವತ್ತು ಓದಲು ಸಿಗುವ ಸಂಚಿಕೆಗಳು ಬೇರೆಯವರ ಮನೆಯಲ್ಲಿ, ಬೇರೆ ಗ್ರಂಥಾಲಯಗಳಲ್ಲಿ ಉಳಿದವು. ಮೇ ಪಾದ್ರಿಯಂಥವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಆಂಟನಿ ಸಮಾಧಿಗೆ ಚುನಾವಣೆ ದಿನ ಹೆಂಗಸರು ಬಂದು 'ನಾನು ವೋಟು ಹಾಕಿದೆ' ಎನ್ನುವ ಸ್ಟಿಕ್ಕರ್ ಅಂಟಿಸಿ ಹೋಗುತ್ತಾರೆ. ಅಂಟಿನಿಂದ ಕಲ್ಲು ಹಾಳಾಗುತ್ತೆ ಅಂತ ಈಚಿನ ಚುನಾವಣೆಗಳಲ್ಲಿ ಕಲ್ಲಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದ್ದಾರೆ. ನಾವು ಹೋದಾಗ ಕಲ್ಲು ಖಾಲಿ ಇತ್ತು. ನಾಯಿ ಹಿಡಿದು ಬಂದ ಹೆಂಗಸೊಬ್ಬರು ನಮ್ಮನ್ನು ನೋಡಿ, "ಇನ್ನೆರಡು ವಾರ ಬಿಟ್ಟು ಬನ್ನಿ, ಸಾಲು ಇರುತ್ತೆ" ಅಂದರು. ಅಣ್ಣನ ಮಗಳು, "ನಂಗ ಇಲ್ಲಿ ವೋಟಿಲ್ಲ, ಇನ್ನೂ ವೀಸಾದ ಮ್ಯಾಲೆ ಅದೀನಿ" ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಸ್ವಲ್ಪ ಯೋಚಿಸಿ, "ಆಂಟನಿಗೂ ಇರಲಿಲ್ಲ" ಅಂದು ನಾಯಿ ಎಳೆದುಕೊಂಡು ಹೋದರು.

ಹನ್ನೊಂದಕ್ಕೆ ಹೊರಟು ದಕ್ಷಿಣಕ್ಕೆ 390, ಆಮೇಲೆ 86. ಹೆಚ್ಚು ಟೋಲ್ ಇಲ್ಲದ ದಾರಿ, ಗುಡ್ಡಗಳೂ ಚೆಂದ, ಆದರೆ ಪೆಟ್ರೋಲ್ ಬಂಕು ದೂರ ದೂರ. ಕಾರ್ನಿಂಗ್ ಹತ್ತಿರ ಹಾಕಿಸಿಕೊಂಡೆವು. ಉಳಿದ ಪೈ ಬಿಂಗ್‌ಹ್ಯಾಂಟನ್‌ನಲ್ಲಿ ಮುಗಿಯಿತು.